ಕಬ್ಬಿಣದ ಮೂಟೆಯ ಮೇಲೆ ಕೂತ ಮೇಸ್ತ್ರಿ

ಮನೆ ಖಾಲಿ ಮಾಡಿಸಲು ಎಷ್ಟಾಗುತ್ತದೆ ಎಂದು ನಾನು ಫೋನಿನಲ್ಲಿ ಕೇಳಿದಾಗ ಆ ಮೇಸ್ತ್ರಿ ಮನೆ ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ಸಾಮಾನು ಎಷ್ಟಿದೆ, ಅಟ್ಟ ಇದೆಯೇ, ಟೆಂಪೊ ಬಾಗಿಲ ತನಕ ಬರುತ್ತದೆಯೇ, ಯಾವುದನ್ನೂ ಕೇಳಲಿಲ್ಲ.

"ಎಷ್ಟ್ ಜನ ಮಕ್ಳಮ್ಮ?" ಎಂದರು.

ನನಗೆ ಮಕ್ಕಳಿಲ್ಲ ಎಂದೆ.

"ನಿಮ್ಗಲ್ಲ ಕಣಮ್ಮ. ಆ ಮನೇಗೆ."

"ಮೂವರು. ಇಬ್ಬರು ಗಂಡು, ನಡುವೆ ನಾನು."

ಆ ಕಡೆಯಿಂದ ಬೀಡಿ ಎಳೆದ ಸದ್ದು ಕೇಳಿಸಿತು. "ಗಂಡ್‌ಮಕ್ಳು ಒಬ್ರಿಗೊಬ್ರು ಮಾತಾಡ್ತಾರಾ?"

"ಹಬ್ಬಕ್ಕೆ ಆಡ್ತಾರೆ."

"ಹಬ್ಬಕ್ಕೆ ಪೋಲೀಸ್ನೋರೂ ಕಳ್ರೂ ಮಾತಾಡ್ತಾರೆ ಬುಡಿ" ಎಂದು ನಕ್ಕು ಒಂದು ಮೊತ್ತ ಹೇಳಿದರು. ಅದು ನಾನು ಅಂದುಕೊಂಡಿದ್ದರ ಎರಡರಷ್ಟಿತ್ತು. ಎರಡು ಕೋಣೆ, ಒಂದು ನಡುಮನೆ, ಇರುವುದೇ ಇಷ್ಟು ಎಂದೆ.

"ರೂಮಿನ ಲೆಕ್ಕ ಬೇರೇರ್ದು ಕಣಮ್ಮ. ನಂದು ಮಕ್ಳ ಲೆಕ್ಕ. ಒಬ್ನೇ ಮಗ ಇದ್ರೆ ಬರೀ ಟೆಂಪೊ ಬಾಡ್ಗೆ ಕೊಡಿ ಸಾಕು, ಹತ್ತು ರೂಮಿರ್ಲಿ. ಸಾಮಾನು ಎತ್ತಾಕದು ಏನ್ ಕಷ್ಟ? ಸಾಮಾನು ಕಚ್ಚಕಿಲ್ಲ."

ಆ ಮೇಸ್ತ್ರಿ ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಫೋನಿನಲ್ಲಿ ಅವರು 'ಮೇಸ್ತ್ರಿ, ಚನ್ನರಾಯಪಟ್ಟಣ' ಎಂದಷ್ಟೇ ಇದ್ದರು. ಹೆಸರು ಕೇಳಬೇಕು ಎಂದು ನನಗೆ ತೋಚಲೂ ಇಲ್ಲ. ಅದನ್ನು ಮೊದಲ ಸಲ ಓದಿದ್ದು ಪೊಲೀಸ್ ಠಾಣೆಯ ಒಂದು ಕಾಗದದಲ್ಲಿ. ಅದೇ ಕಾಗದದಲ್ಲಿ ನನ್ನ ಹೆಸರೂ ಇದೆ, ನನ್ನ ಹೆಸರಿನ ಕೆಳಗೆ ಒಂದು ಸುಳ್ಳೂ ಇದೆ. ಆ ಸುಳ್ಳಿನ ಪಕ್ಕದಲ್ಲಿ ಓದಿದ ಹೆಸರನ್ನು ಇನ್ನೊಂದು ಕಾಗದಕ್ಕೆ ಇಳಿಸಲು ನನಗೆ ಮನಸ್ಸಿಲ್ಲ.

ಹಾಸನದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ದಿನಚರಿ ಬರೆಯುವ ಅಭ್ಯಾಸ ಇಪ್ಪತ್ತು ವರ್ಷದ್ದು. ಇದನ್ನು ಬರೆಯುವ ಮೊದಲು ಮೂರು ವರ್ಷದ ಹಿಂದಿನ ದಿನಚರಿ ತೆಗೆದು ನೋಡಿದೆ. ನಮ್ಮ ಅಮ್ಮನ ಮನೆ ಖಾಲಿಯಾದ ದಿನ ನಾನು ಬರೆದಿರುವುದು ಮೂರು ಸಾಲು: 'ಮನೆ ಖಾಲಿಯಾಯಿತು. ತುಂಬ ಸೆಕೆ. ಕೆಲಸದವರೊಬ್ಬರಿಗೆ ಪೆಟ್ಟಾಯಿತು.' ಯಾರು ಹೊಡೆದರು ಎಂಬುದು ಅದರಲ್ಲಿ ಇಲ್ಲ. ಅಂದರೆ ನಾನು ಪೊಲೀಸರಿಗೆ ಸುಳ್ಳು ಹೇಳುವುದಕ್ಕೆ ಮೊದಲೇ ನನ್ನ ದಿನಚರಿಗೆ ಹೇಳಿದ್ದೆ, ಅಥವಾ ಆ ದಿನದ ಪುಟವನ್ನು ಖಾಲಿ ಬಿಟ್ಟು, ಪೊಲೀಸರಿಗೆ ಹೇಳಿ ಬಂದ ಮೇಲೆ ಅದನ್ನೇ ಇಲ್ಲಿಯೂ ನಕಲು ಮಾಡಿದ್ದೆ. ಯಾವುದು ಮೊದಲು ಎಂಬುದು ಈಗ ನೆನಪಿಲ್ಲ.

ಅವರನ್ನು ಮೊದಲು ಕಂಡದ್ದು ಆ ಫೋನಿಗೂ ಮುಂಚೆ, ಅರಕಲಗೂಡಿನಲ್ಲಿ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ಒಬ್ಬರ ತಾತನ ಮನೆ ಪಾಲಾಗಿ ಮಾರಾಟವಾಗಿತ್ತು. ಅವರ ಜೊತೆಗೆಂದು ನಾನೂ ಹೋಗಿದ್ದೆ. ಬಾಗಿಲು ಹಾರು ಹೊಡೆದುಕೊಂಡಿತ್ತು, ಮನೆಯವರೆಲ್ಲ ಜಗಲಿಯ ಮೇಲೆ ನಿಂತಿದ್ದರು. ಸಣಕಲು ಮನುಷ್ಯರೊಬ್ಬರು ಟೆಂಪೊದಿಂದ ಇಳಿದು, ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ತೆರೆದ ಬಾಗಿಲನ್ನೇ ಎರಡು ಸಲ ತಟ್ಟಿ ಒಳಗೆ ಹೋದರು. ಒಳಗೆ ಯಾರೂ ಇರಲಿಲ್ಲ. ಯಾಕೆ ತಟ್ಟುತ್ತಾರೆ ಎಂದು ಕೇಳಬೇಕೆಂದುಕೊಂಡೆ, ಆ ದಿನ ಅದಕ್ಕೆ ಸಮಯ ಸಿಗಲಿಲ್ಲ.

ಒಳಗೆ ಹೋದವರು ಸಾಮಾನಿಗೆ ಕೈ ಹಾಕಲಿಲ್ಲ. ಗೋಣಿಚೀಲ ಹಿಡಿದು ಹಿತ್ತಿಲಿನಿಂದ ನಡುಮನೆಯ ತನಕ ಓಡಾಡಿ, ಮನೆಯಲ್ಲಿ ಕೊಯ್ಯುವ, ಕುಟ್ಟುವ, ಚುಚ್ಚುವ ಏನೇನಿದೆಯೋ ಅಷ್ಟನ್ನೂ ಆರಿಸಿ ತುಂಬಿದರು. ಮಚ್ಚು, ಕುಡುಗೋಲು, ಕೊಡಲಿ, ಹಾರೆ, ಗುದ್ದಲಿ, ಅಡಕೆ ಕತ್ತರಿ, ಚಾಕು, ಸ್ಕ್ರೂಡ್ರೈವರ್, ಹಳೆಯ ಛತ್ರಿಯ ಕಡ್ಡಿ ಕೂಡ. ಬಾಯಿ ಬಿಗಿದು, ಹೊರಗೆ ತಂದು, ಟೆಂಪೊದ ಪಕ್ಕ ನೆರಳಿನಲ್ಲಿ ಇಟ್ಟು, ಅದರ ಮೇಲೆ ಕೂತು ಬೀಡಿ ಹಚ್ಚಿದರು. ಆಮೇಲೆ ತಮ್ಮ ಇಬ್ಬರು ಆಳುಗಳಿಗೆ "ಊ, ಸುರು ಮಾಡ್ರಪ್ಪ" ಎಂದರು.

ಅರ್ಧ ಗಂಟೆಯೂ ಆಗಿರಲಿಲ್ಲ. ಆ ಮೇಡಂನ ಇಬ್ಬರು ಚಿಕ್ಕಪ್ಪಂದಿರಿಗೆ ಬೀಟೆ ಮರದ ಒಂದು ಮಂಚದ ವಿಷಯಕ್ಕೆ ಮಾತು ಹತ್ತಿತು. ಇಬ್ಬರೂ ಅರವತ್ತು ದಾಟಿದವರು, ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ದೊಡ್ಡವರು ಚಿಕ್ಕವರ ಕೊರಳಪಟ್ಟಿ ಹಿಡಿದು ಮುಖವನ್ನು ಹೊಸ್ತಿಲಿಗೆ ಅಪ್ಪಳಿಸಿದರು. ನಾನು ಅಂಥ ಸದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಚಿಕ್ಕವರು ಎದ್ದು, ಬಾಯ ತುಂಬ ರಕ್ತ ಇಟ್ಟುಕೊಂಡೇ, ಅಣ್ಣನ ಹೊಟ್ಟೆಗೆ ತಲೆಯಿಂದ ಗುದ್ದಿದರು. ಹೆಂಗಸರು ಕಿರುಚಿದರು. ನಾನು ಮೇಸ್ತ್ರಿಯ ಬಳಿ ಓಡಿ ಬಿಡಿಸಿ ಎಂದೆ.

ಅವರು ಮೂಟೆಯಿಂದ ಏಳಲಿಲ್ಲ. "ನಾನ್ ಎದ್ರೆ ಇದ್ನ ಯಾರಮ್ಮ ಕಾಯದು? ಬರೀ ಕೈಯಾಗೆ ಒಡ್ಕತಾವ್ರೆ. ಉಳ್ಕತಾರೆ ಬುಡಿ."

ಇಬ್ಬರಿಗೂ ಉಸಿರು ಕಟ್ಟಿ ಜಗಲಿಗೆ ಒರಗಿದ ಮೇಲೆ, ಒಬ್ಬ ಆಳನ್ನು ಕರೆದು ಮೂಟೆಯ ಮೇಲೆ ಕೂರಿಸಿ, ಮೇಸ್ತ್ರಿ ತಮ್ಮದೇ ನೀರಿನ ಕ್ಯಾನ್ ಒಯ್ದು ಚಿಕ್ಕವರಿಗೆ ಬಾಯಿ ಮುಕ್ಕಳಿಸಲು ಕೊಟ್ಟರು. ಒಂದು ಹಲ್ಲು ಅಂಗಳಕ್ಕೆ ಬಿತ್ತು. "ಈಗ ನೀವೇ ಏಳಿ ಸಾ, ಮಂಚ ಯಾರ್ಗೆ ಅಂತ?" ಎಂದು ತೀರ ಮರ್ಯಾದೆಯಿಂದ ಕೇಳಿದರು. ಇಬ್ಬರೂ ಬೇಡ ಎಂದರು. ಮಂಚ ಟೆಂಪೊ ಸೇರಿತು.

ವಾಪಸು ಬರುವಾಗ ನನಗೂ ಆ ಮೇಡಂಗೂ ಬಸ್ಸು ತಪ್ಪಿತ್ತು. ಮೇಸ್ತ್ರಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾಸನದ ತನಕ ಬಿಟ್ಟರು. ದಾರಿಯಲ್ಲಿ ಮೇಡಂ ಅಳುತ್ತಿದ್ದರು. ಅವರನ್ನು ನಗಿಸಲೆಂದು ಇರಬೇಕು, ಮೇಸ್ತ್ರಿ ತಮ್ಮ ಮೈಮೇಲಿನ ಗಾಯದ ಗುರುತುಗಳನ್ನು ಒಂದೊಂದೇ ತೋರಿಸಿದರು. ಮುಂಗೈಯ ಮೇಲಿನ ಹಲ್ಲಿನ ಗುರುತು ಮುಟ್ಟಿ, "ಇದು ಹೊಳೆನರಸೀಪುರ. ಇಬ್ರು ವಾರಗಿತ್ತೀರು, ಒಂದು ಕೊಪ್ಪರಿಗೆ. ಒಬ್ಳು ಇನ್ನೊಬ್ಳ ಕಿವಿ ಕಚ್ಚಕ್ಕೆ ಬಂದ್ಲು, ಮಧ್ಯ ನನ್ ಕೈ ಸಿಕ್ತು." ಮೊಣಕಾಲ ಕೆಳಗಿನದನ್ನು ತೋರಿಸಿ, "ಇದು ಹಾಸ್ನ. ಡಾಕ್ಟ್ರ ಮನೆ." ಹುಬ್ಬಿನ ಮೇಲಿನದು ಬೂವನಹಳ್ಳಿಯದು. "ಎಂಬತ್ ವರ್ಸದ ಮುದುಕಿ ಕಣಮ್ಮ. ಕಬ್ಣ ಎಲ್ಲಾ ಕಟ್ಟಿ ಕೂತಿದ್ದೆ, ಒಲೆ ಊದ ಕೊಳ್ವೆ ಒಂದ್ ಬುಟ್ಬುಟ್ಟಿದ್ದೆ. ಸೊಸೆಗೆ ಬೀಸಿದ್ದು ನಂಗೆ ಬಿತ್ತು. ಅವತ್ತಿಂದ ಚೀಲ ಕಟ್ಟಕ್ಕೆ ಮುಂಚೆ ಒಂದ್ಸಲ ಕೇಳ್ತೀನಿ, ಎಲ್ಲಾ ಬಂತಾ ಅಂತ."

ಆಗ ಬಾಗಿಲು ತಟ್ಟುವ ವಿಷಯ ಕೇಳಿದೆ. "ಬೇರೇರ ಮನೆ ಅಲ್ವಾ" ಎಂದರು, ಅದೇನು ಕೇಳುವ ಮಾತೇ ಎನ್ನುವ ಹಾಗೆ. ಆ ಮನೆಗಳಲ್ಲಿ ಅವರು ಊಟ ಮಾಡುತ್ತಿರಲಿಲ್ಲ, ನೀರು ಕೂಡ ಮುಟ್ಟುತ್ತಿರಲಿಲ್ಲ. ಒಬ್ಬರ ಕೈಯಲ್ಲಿ ಕಾಫಿ ಕುಡಿದರೆ ಇನ್ನೊಬ್ಬರು ಇವನು ಅವರ ಕಡೆಯವನು ಎನ್ನುತ್ತಾರಂತೆ.

ಈ ಕೆಲಸಕ್ಕೆ ಹೇಗೆ ಬಂದರು ಎಂಬುದನ್ನು ನಾನು ಎರಡು ಸಲ ಕೇಳಿದ್ದೇನೆ. ಮೊದಲು ಹಳೆಯ ಮನೆ ಕೆಡವಿ ತೊಲೆ, ಬಾಗಿಲು, ಹೆಂಚು ಮಾರುತ್ತಿದ್ದರು. ಅವರ ಸ್ವಂತ ಮನೆ ಪಾಲಾದ ದಿನ ಅಣ್ಣತಮ್ಮಂದಿರ ನಡುವೆ ಹಾರೆ ಎದ್ದಿತು, ಒಬ್ಬರಿಗೆ ಕಿವಿ ಕೇಳದಂತಾಯಿತು. ಅರಕಲಗೂಡಿನಿಂದ ಬರುವಾಗ ಹೇಳಿದ ಕಥೆಯಲ್ಲಿ ಹಾರೆ ಅಣ್ಣನ ಕೈಯಲ್ಲಿತ್ತು ಎಂದು ನನ್ನ ನೆನಪು. ನಮ್ಮ ಮನೆ ನೋಡಲು ಬಂದಾಗ ಹೇಳಿದ ಕಥೆಯಲ್ಲಿ ಅದು ಇವರ ಕೈಯಲ್ಲಿತ್ತು. ಇವರ ಎರಡು ಕಿವಿಯೂ ಚೆನ್ನಾಗಿ ಕೇಳುತ್ತಿದ್ದವು. ಆದ್ದರಿಂದ ಎರಡನೆಯ ಕಥೆಯೇ ನಿಜ ಇರಬೇಕು ಎಂದು ನಾನು ತೀರ್ಮಾನಿಸಿದ್ದೆ. ಒಬ್ಬ ಮನುಷ್ಯ ತಾನು ಹೊಡೆದದ್ದನ್ನು ಎರಡನೆಯ ಭೇಟಿಗಾದರೂ ಹೇಳಿಬಿಟ್ಟ ಎಂಬುದು ಆಗ ನನಗೆ ದೊಡ್ಡದಾಗಿ ಕಾಣಲಿಲ್ಲ.

ಈಗ ನಮ್ಮ ಮನೆಯ ವಿಷಯ. ಹೊಳೆನರಸೀಪುರದಲ್ಲಿ ಅಮ್ಮ ಹೊಲಿಗೆ ಮಾಡಿ ನಮ್ಮನ್ನು ಸಾಕಿದ ಮನೆ ಅದು. ಅಪ್ಪ ನಾವು ಚಿಕ್ಕವರಿರುವಾಗಲೇ ಹೋಗಿದ್ದರು. ಅಮ್ಮ ತೀರಿಕೊಂಡ ಮರುವರ್ಷ ಮೂವರೂ ಸೇರಿ ಮನೆ ಮಾರಿದೆವು. ಅಣ್ಣನಿಗೆ ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ. ತಮ್ಮನಿಗೆ ಗೊರೂರಿನಲ್ಲಿ ಸರ್ಕಾರಿ ಕೆಲಸ, ಅಲ್ಲೇ ಕ್ವಾರ್ಟರ್ಸಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮೇಸ್ತ್ರಿಯನ್ನು ಕರೆಸೋಣ ಎಂದವಳು ನಾನು. ಅರಕಲಗೂಡಿನಲ್ಲಿ ಕಂಡದ್ದು ನಮ್ಮಲ್ಲಿ ಆಗುವುದಿಲ್ಲ, ನಾವು ಓದಿದವರು ಎಂದು ನಂಬಿದ್ದೆ. ಆ ಹೆಡ್‌ಮಾಸ್ಟರೂ ಓದಿದವರೇ ಎಂಬುದು ಯಾಕೋ ನೆನಪಿಗೆ ಬರಲಿಲ್ಲ.

ಮೇಸ್ತ್ರಿ ಬೆಳಿಗ್ಗೆಯೇ ಬಂದರು. ಬಾಗಿಲು ತಟ್ಟಿ, ಗೋಣಿಚೀಲ ಹಿಡಿದು ಒಳಗೆ ಹೋದರು. ಅವರು ಹಿತ್ತಿಲಲ್ಲಿರುವಾಗ ನಾನು ಅಡುಗೆಮನೆಗೆ ಹೋಗಿ ಅಮ್ಮನ ಈಳಿಗೆಮಣೆಯನ್ನು ಎತ್ತಿಕೊಂಡೆ. ಅಲಗು ಮಡಚುವಂಥದ್ದು. ಮಣೆಯ ಮೇಲೆ ಅಮ್ಮ ಕಾಲೊತ್ತಿ ಕೂರುತ್ತಿದ್ದ ಜಾಗ ಸವೆದು ತಗ್ಗಾಗಿತ್ತು. ಅದನ್ನು ಕೇಳಿದ್ದರೆ ಅಣ್ಣ ತಮ್ಮ ಇಬ್ಬರೂ ಬೇಡ ಎನ್ನುತ್ತಿರಲಿಲ್ಲ. ಕೇಳುವುದೇ ನನಗೆ ಬೇಡವಾಗಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಬಟ್ಟೆಯ ಚೀಲದೊಳಗೆ ಇಟ್ಟು, ಚೀಲವನ್ನು ನಡುಮನೆಯ ಕಿಟಕಿಯ ಸರಳಿಗೆ ಸಿಕ್ಕಿಸಿದೆ.

ಮೇಸ್ತ್ರಿ ಮೂಟೆ ಹಿಡಿದು ಬಂದರು. "ಎಲ್ಲಾ ಬಂತೇನಮ್ಮ?"

"ಬಂತು" ಎಂದೆ.

"ಅಡ್ಗೆಮನೇದು?"

"ಎಲ್ಲಾ ಬಂತು."

ಅವರು ಕಿಟಕಿಯ ಕಡೆ ಒಂದು ಸಲ ನೋಡಿದರು ಎಂದು ಈಗ ಅನ್ನಿಸುತ್ತದೆ. ಈ ನೆನಪನ್ನು ನಾನು ನಂಬುವುದಿಲ್ಲ. ಅವರು ನೋಡಿದ್ದರೆ, ನೋಡಿಯೂ ಸುಮ್ಮನಾಗಿದ್ದರೆ, ತಪ್ಪಿನಲ್ಲಿ ಅವರಿಗೂ ಒಂದು ಪಾಲು ಬರುತ್ತದೆ. ಆ ಅನುಕೂಲಕ್ಕಾಗಿಯೇ ಈ ನೋಟವನ್ನು ಆಮೇಲೆ ಹುಟ್ಟಿಸಿಕೊಂಡೆನೋ ಏನೋ.

ಮಧ್ಯಾಹ್ನದ ತನಕ ಎಲ್ಲ ಸರಿಯಾಗಿತ್ತು. ಅಣ್ಣ ತಮ್ಮ ಇಬ್ಬರೂ ತಮಾಷೆ ಮಾಡಿಕೊಂಡು ಹಳೆಯ ಪುಸ್ತಕದ ಧೂಳು ಕೊಡವಿದರು. ಮೇಸ್ತ್ರಿ ಹೊರಗೆ ಮೂಟೆಯ ಮೇಲೆ ಕೂತು ನನ್ನ ಕಡೆ ನೋಡಿ, "ರೇಟು ಜಾಸ್ತಿ ಏಳ್ಬುಟ್ನೇನೋ ಕಣಮ್ಮ ನಾನು" ಎಂದರು. ಆಮೇಲೆ ಆಳುಗಳು ಅಮ್ಮನ ಹೊಲಿಗೆ ಮೆಷಿನ್ನಿಗೆ ಕೈ ಹಾಕಿದರು.

"ಅದು ನಮ್ಮನೆಗೆ" ಎಂದ ಅಣ್ಣ.

"ನಿಮ್ಮನೇಲಿ ಯಾರಿಗೆ ಹೊಲಿಯಕ್ಕೆ ಬರುತ್ತೆ?" ಎಂದ ತಮ್ಮ.

"ನಿಮ್ಮನೇಲಿ ಯಾರಿಗೆ ಬರುತ್ತೆ?"

"ಅಮ್ಮ ಇದನ್ನ ತುಳಿದು ನನ್ನ ಓದಿಸಿದ್ದು."

"ನಿನ್ನ ಓದಿಸಕ್ಕೆ ನನ್ನ ಓದು ಬಿಡಿಸಿದ್ದು ಕಣೋ ಇದೇ ಮೆಷಿನ್ನು. ಬಟನ್ ಹಚ್ಚಕ್ಕೆ ಯಾರು ಕೂರ್ತಿದ್ರು? ನೀನಾ?"

ತಮ್ಮ ನಕ್ಕ. "ಅದಕ್ಕೇ ಗೊಬ್ಬರ ಮಾರ್ತಿದೀಯ."

ಅಣ್ಣ ಅವನ ಕೆನ್ನೆಗೆ ಹೊಡೆದ. ಮೂವತ್ತು ವರ್ಷ ತಡೆದಿಟ್ಟ ಏಟು ಅದು, ತಮ್ಮ ಗೋಡೆಗೆ ಹೋಗಿ ಬಿದ್ದ. ಎದ್ದವನೇ ಅಣ್ಣನ ಕುತ್ತಿಗೆಗೆ ಕೈ ಹಾಕಿದ. ಅಣ್ಣ ಅವನ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಬೆನ್ನಿಗೆ ಗುದ್ದಿದ, ಗುದ್ದಿದ, ಎಣಿಸುವ ಹಾಗೆ ಗುದ್ದಿದ. ನಾನು ನಡುವೆ ಹೋಗಲಿಲ್ಲ. ಆಳುಗಳಿಬ್ಬರೂ ಬೀರು ಎತ್ತಿಕೊಂಡು ಬೀದಿಯ ಟೆಂಪೊದ ಹತ್ತಿರ ಹೋಗಿದ್ದರು. ಇಬ್ಬರೂ ಕಿಟಕಿಗೆ ಬಂದು ಅಪ್ಪಳಿಸಿದಾಗ ನನ್ನ ಚೀಲ ಬಿತ್ತು. ಪೇಪರು ಬಿಚ್ಚಿ ಈಳಿಗೆಮಣೆ ಹೊರಗೆ ಜಾರಿತು, ಅಲಗು ಅರ್ಧ ತೆರೆದುಕೊಂಡಿತು.

ತಮ್ಮ ಅದನ್ನು ನೋಡಿದ. ನಾನೂ ನೋಡಿದೆ. ಅದರಿಂದ ನಾವಿಬ್ಬರೂ ಒಂದೇ ದೂರದಲ್ಲಿದ್ದೆವು.

ಅವನು ಹಿಡಿತ ಬಿಡಿಸಿಕೊಂಡು, ಅದನ್ನು ಎತ್ತಿ ಅಣ್ಣನ ಕೊರಳ ಕಡೆ ಬೀಸಿದ. ಮೇಸ್ತ್ರಿ ಬಾಗಿಲಿನಿಂದ ಯಾವಾಗ ಒಳಗೆ ಬಂದರೋ ಗೊತ್ತಿಲ್ಲ. ಕಾಯಲು ಯಾರನ್ನೂ ಕೂರಿಸದೆ ಅವರು ಮೂಟೆ ಬಿಟ್ಟು ಎದ್ದದ್ದು ನಾನು ಕಂಡಂತೆ ಅದೇ ಮೊದಲು. ಅಲಗು ಅವರ ಬಲಗೈಯ ಅಂಗೈಗೆ ಇಳಿಯಿತು. ತಮ್ಮ ಅದನ್ನು ಎಳೆದ. ಬೇಕೆಂದು ಎಳೆದನೋ, ಹೆದರಿ ಎಳೆದನೋ, ಎಳೆದದ್ದನ್ನು ನಾನು ಕಂಡೆ. ಮೇಸ್ತ್ರಿ ಕಿರುಚಲಿಲ್ಲ. ಕೈಯನ್ನು ಟವೆಲ್ಲಿನಲ್ಲಿ ಒತ್ತಿಕೊಂಡು ಗೋಡೆಗೆ ಒರಗಿ ಕೂತು, ನನ್ನ ಮುಖ ನೋಡಿ ಕೇಳಿದರು:

"ಇದೆಲ್ಲಿತ್ತಮ್ಮ?"

ನಾನು ಬಗ್ಗಿ, ಬಿಚ್ಚಿದ ಪೇಪರನ್ನು ಮುದುರಿ ಚೀಲಕ್ಕೆ ತುರುಕಿದೆ.

ಅಂಗೈಯ ನರ ಕಡಿದಿತ್ತು. ಹಾಸನದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಆಪರೇಷನ್ ಆಯಿತು. ಖರ್ಚು ಅಣ್ಣ ಕೊಟ್ಟ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಣ್ಣ ತಮ್ಮ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅಮ್ಮ ಹೋದ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅಲ್ಲಿಯೇ. "ಇವನ ಮೇಲೆ ಕೇಸಾದ್ರೆ ಕೆಲ್ಸ ಹೋಗತ್ತೆ" ಎಂದ ಅಣ್ಣ. "ಆ ಎರಡು ಹೆಣ್ಣುಮಕ್ಕಳನ್ನ ಕಟ್ಕೊಂಡು ಇವನು ಎಲ್ಲಿಗೆ ಹೋಗ್ತಾನೆ? ನನ್ನ ಬಾಗ್ಲಿಗೇ. ನೀನೇ ಯೋಚ್ನೆ ಮಾಡು." ತಮ್ಮ ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಕಾಲು ಹಿಂದೆ ತೆಗೆದುಕೊಂಡೆ. ಅಷ್ಟರಿಂದಲೇ ನಾನು ಒಪ್ಪಿದೆ ಎಂದು ಅವರಿಬ್ಬರಿಗೂ ಗೊತ್ತಾಯಿತು.

ಐದನೆಯ ದಿನ ಹೊಳೆನರಸೀಪುರದ ಠಾಣೆಗೆ ಕರೆದಿದ್ದರು. ಮೇಸ್ತ್ರಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ್ದರು. ಅಣ್ಣ ತಮ್ಮ ಬೇರೆ ಹೇಳಿದ್ದರು: ಅಟ್ಟದಿಂದ ತಗಡು ಎಳೆಯುವಾಗ ಕೈ ಕೊಯ್ದುಕೊಂಡಿತು. ಸಾಕ್ಷಿ ಯಾರು ಎಂದು ಸಾಹೇಬರು ಕೇಳಿದಾಗ ಮೇಸ್ತ್ರಿ ನನ್ನ ಕಡೆ ಎಡಗೈ ತೋರಿಸಿದರು. "ಮೇಡಮ್ಮ ಅಲ್ಲೇ ಇದ್ರು ಸಾ. ಅವ್ರು ಏಳ್ತಾರೆ." ಆ ದನಿಯಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ಅದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಲಿ ಎಂದು ಎಷ್ಟೋ ಸಲ ಬಯಸಿದ್ದೇನೆ.

"ನಾನು ಅಡುಗೆಮನೆಯಲ್ಲಿದ್ದೆ" ಎಂದೆ. "ತಗಡು ಬಿದ್ದ ಸದ್ದು ಕೇಳಿಸಿತು."

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು, "ಅವ್ರೇಳಿದ್ದೇ ಬರ್ಕಳಿ ಸಾ. ಓದ್ದೋರು."

ಕೊನೆಗೆ ದೂರು ಮುಂದುವರಿಸುವುದಿಲ್ಲ ಎಂಬ ಕಾಗದಕ್ಕೆ ಸಹಿ ಮಾಡಬೇಕಾಯಿತು. ಹೆಬ್ಬೆಟ್ಟಾ, ಸಹಿನಾ ಎಂದು ಪೇದೆ ಕೇಳಿದ. "ಸೈನ್ ಬತ್ತದೆ ಸಾ. ಕೈ ಬರಕಿಲ್ಲ" ಎಂದು ಮೇಸ್ತ್ರಿ ಎಡಗೈ ಹೆಬ್ಬೆರಳನ್ನು ಮುಂದೆ ಚಾಚಿದರು. ಪೇದೆ ನಕ್ಕ. ತಮ್ಮನೂ ನಕ್ಕ, ಆಮೇಲೆ ನಿಲ್ಲಿಸಿದ.

ಆ ಕೈ ಮತ್ತೆ ಮುಚ್ಚಲಿಲ್ಲ. ನಾಲ್ಕು ಬೆರಳು ಅರ್ಧಕ್ಕೆ ಮಡಚಿ ನಿಲ್ಲುತ್ತಿದ್ದವು. ಮೂಟೆಯ ಬಾಯಿ ಬಿಗಿಯಲಾಗದವನು ಈ ಕೆಲಸ ಮಾಡುವುದು ಹೇಗೆ? ಕೆಲವು ತಿಂಗಳು ಆಳುಗಳಿಂದ ಕಟ್ಟಿಸಿ ನೋಡಿದರಂತೆ. ಒಂದು ಮನೆಯಲ್ಲಿ ಜನ ಆ ಕೈ ನೋಡಿ, ಇವನು ಬಂದ ಕಡೆ ರಕ್ತ ಬೀಳುತ್ತದೆ ಎಂದು ಆಡಿಕೊಂಡರಂತೆ. ಟೆಂಪೊ ಮಾರಿದರು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕಾಯಿಯ ರಾಶಿ ಕಾಯುವ ಕೆಲಸಕ್ಕೆ ಸೇರಿದರು. ಬೆಂಗಳೂರಿಗೆ ಹೋಗುವಾಗ ಒಂದು ಸಲ ಬಸ್ಸಿನ ಕಿಟಕಿಯಿಂದ ಕಂಡೆ. ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎಡಗೈಯಲ್ಲಿ ಬೀಡಿ ಹಚ್ಚಲು ಹೆಣಗುತ್ತಿದ್ದರು. ಬಸ್ಸು ನಿಂತಿತ್ತು, ಇಳಿಯಬಹುದಾಗಿತ್ತು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಬಸ್ಸು ಹೊರಡುವ ತನಕ ಸರಿಮಾಡಿಕೊಳ್ಳುತ್ತಲೇ ಇದ್ದೆ.

ಅವರು ಹೋದ ಸುದ್ದಿಯನ್ನು ಅದೇ ಅರ್ಥಶಾಸ್ತ್ರದ ಮೇಡಂ ಹೇಳಿದರು. ಎದೆನೋವು, ಮಂಡಿಯಲ್ಲೇ ಕುಸಿದರಂತೆ. ಹದಿನೈದು ದಿನ ಕಳೆದ ಮೇಲೆ ವಿಳಾಸ ಹುಡುಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಯಾಕೆ ಹೋದೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಸಮಾಧಾನ ಹೇಳಲು ಎಂದುಕೊಂಡೆ. ಯಾರ ಸಮಾಧಾನ ಎಂಬುದನ್ನು ಮುಂದಕ್ಕೆ ಯೋಚಿಸಲಿಲ್ಲ.

ಎರಡು ಕೋಣೆಯ ಶೀಟಿನ ಮನೆ. ಅವರ ಹೆಂಡತಿ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಹಾಸನದವಳು, ಅವರು ನಮ್ಮ ಮನೆಯ ಕೆಲಸಕ್ಕೆ ಬಂದಿದ್ದರು ಎಂದೆ. ಆಕೆ ತಲೆ ಎತ್ತಲಿಲ್ಲ.

"ಮೇಡಮ್ಮನಾ" ಎಂದರು. "ಕೂತ್ಕಳಿ."

ಕೂತೆ. ತುಂಬ ಒಳ್ಳೆಯವರು, ನ್ಯಾಯವಂತರು ಎಂದು ಏನೇನೋ ಹೇಳಿದೆ. ಆಕೆ ಬೀಜ ಬೇರೆ, ಹಣ್ಣು ಬೇರೆ ಮಾಡುತ್ತಲೇ ಇದ್ದರು.

"ಅವ್ರು ನಿಮ್ಮ ಮ್ಯಾಲೆ ಒಂದ್ ಮಾತೂ ಆಡ್ಲಿಲ್ಲ" ಎಂದರು. "ನಾನೇ ಆಡ್ತಿದ್ದೆ. ದಿನಾ ಆಡ್ತಿದ್ದೆ. ಅನ್ನ ಕಲಸಿ ಕೊಡ್ವಾಗೆಲ್ಲ ಆಡ್ತಿದ್ದೆ. ಬುಡೇ, ಅವರಿಗೇನ್ ಕಷ್ಟ ಇತ್ತೋ ಅನ್ನರು."

ನಾನು ಕೆಳಗೆ ಬಿದ್ದಿದ್ದ ಒಂದು ಬೀಜವನ್ನು ಎತ್ತಿ ಮೊರಕ್ಕೆ ಹಾಕಿದೆ.

"ಅವತ್ತು ಅವ್ರಿಗೆ ಯಾರು ಒಡೆದಿದ್ದು?"

"ನಿಮಗೆ ಗೊತ್ತಲ್ಲ."

ಆಕೆ ಎದ್ದ ವೇಗಕ್ಕೆ ಮೊರ ಮಗುಚಿತು. ನನ್ನ ರಟ್ಟೆ ಹಿಡಿದು ಗೋಡೆಗೆ ನೂಕಿದರು. ತಲೆ ಗೋಡೆಗೆ ಬಡಿಯಿತು. ಹುಣಸೆಹಣ್ಣು ಮೆತ್ತಿದ ಕೈ ನನ್ನ ಕೊರಳ ಹತ್ತಿರವೇ ಇತ್ತು.

"ನಂಗೊತ್ತಿಲ್ಲ ಅಂತ ಕೇಳ್ತಿಲ್ಲ. ನಿಮ್ ಬಾಯಾಗೆ ಬರ್ಬೇಕು. ಯಾರು ಒಡೆದಿದ್ದು?"

"ನನ್ನ ತಮ್ಮ."

"ಯಾತ್ರಲ್ಲಿ?"

"ಈಳಿಗೆಮಣೇಲಿ."

"ಎಲ್ಲಿತ್ತು ಅದು?"

"ನನ್ನ ಚೀಲದಲ್ಲಿ. ನಾನೇ ಬಚ್ಚಿಟ್ಟಿದ್ದೆ."

ಆಕೆ ಕೈ ಬಿಟ್ಟರು. ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ಇಷ್ಟೇಯ" ಎಂದರು. "ಮೂರ್ ಮಾತು. ಮೂರ್ ವರ್ಸ ನಾನು ಅವ್ರಿಗೆ ತುತ್ತು ಕಲಸಿ ಕೊಟ್ಟೆ."

ಠಾಣೆಗೆ ಹೋಗಿ ಹೇಳುತ್ತೇನೆ ಎಂದೆ. ಈಗ ಹೇಳಿದರೆ ಏನಾಗುತ್ತದೆ, ಕೇಸು ಮತ್ತೆ ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ತಮ್ಮನ ಕೆಲಸ, ಆ ಹುಡುಗಿಯರು, ಒಂದು ಸಲ ವಕೀಲರನ್ನು ಕೇಳಿ ಸೋಮವಾರ ಹೋಗುತ್ತೇನೆ ಎಂದು ಹೇಳುತ್ತ ಹೋದೆ. ಆಕೆ ಅರ್ಧ ಕೇಳಿ ಒಳಗೆ ಹೋಗಿ ಕೈ ತೊಳೆದುಕೊಂಡು ಬಂದರು. ಬಾಗಿಲು ಎಳೆದು ಚಿಲಕ ಹಾಕಿದರು.

"ಇವತ್ತೇ ಓಗಣ. ನಾಳಿಕ್ಕೆ ನೀವು ಯೋಚ್ನೆ ಮಾಡ್ತೀರ."

ಹೊಳೆನರಸೀಪುರದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಷ್ಟು ಹೊತ್ತೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಆಕೆ ನನ್ನ ಪಕ್ಕದಲ್ಲೇ ಕೂತಿದ್ದರು. ಗೊರೂರಿನಿಂದ ತಮ್ಮನ ಫೋನು ಎರಡು ಸಲ ಬಂತು, ಮಕ್ಕಳ ಫೀಸಿನ ವಿಷಯ ಇರಬೇಕು. ಎತ್ತಲಿಲ್ಲ. ಬಸ್ಸು ಬಂದಾಗ ಮೊದಲು ಹತ್ತಿದವರು ಆಕೆ. ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟು, ದಾರಿಯ ಕಡೆಯದರಲ್ಲಿ ತಾವು ಕೂತರು.